ತಿನ್ನಬಾರದ ಪುಂಡಿ

ಆಳಂದ ರಸ್ತೆಗೆ ಬೆನ್ನು ಹಾಕಿ ನಿಂತ
ಮಶಾಕಸಾಬನ ತಗಡಿನ ಶೆಡ್ಡಿನ ಹಿಂದೆ
ಒಂದೂವರೆ ಗುಂಟೆ ಎರೆಮಣ್ಣು.
ಒಂಬತ್ತು ವರ್ಷ ಅಲ್ಲಿ ಹಳೇ ಬ್ಯಾಟರಿ ಒಡೆದರು
ಸುತ್ತಿಗೆಯಿಂದ, ಬರಿಗೈಯಿಂದ.
ಆಸಿಡ್ಡು ನೆಲಕ್ಕೆ, ಸೀಸ ತಕ್ಕಡಿಗೆ,
ತಕ್ಕಡಿಗೆ ಬಾರದ ಬೂದುಪುಡಿ ಗಾಳಿಗೆ.
ಶೆಡ್ಡಿಗೆ ಬೀಗ ಬಿತ್ತು. ಕೇಳುವವರಿರಲಿಲ್ಲ.
ಮಾಪಮ್ಮ ಪುಂಡಿ ಬಿತ್ತಿದಳು.

ಏನು ಪುಂಡಿ ಅದು!
ಕೆಂಪು ದಂಟು, ಅಂಗೈಯಗಲ ಎಲೆ,
ಮುರಿದರೆ ಚಟ್ಟನೆ ಸದ್ದು.
ಸಲಾಕೆ, ಮಣ್ಣಿನ ಚೀಲ ಹಿಡಿದು ಹೋದ ನನಗೆ
ಮೊದಲ ದಿನ ಬಾಯಲ್ಲಿ ನೀರೂರಿತು.
ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ.
ಬಂದ ಕೆಲಸ ಅರೆಗಳಿಗೆ ಮರೆತೆ.

ವರದಿ ಬಂತು. ಅಂಕಿ ಹೇಳುವುದಿಲ್ಲ,
ಅಂಕಿ ಅವಳಿಗೂ ಬೇಕಿರಲಿಲ್ಲ.
"ವಿಷ ಅದ ಅಂತಿ. ಹಂಗಾದ್ರ
ಗಿಡಾ ಯಾಕ ಸಾಯವಲ್ದು?"

ಇದೊಂದಕ್ಕೇ ನಾನು ಮೂರು ವರ್ಷ ಓದಿದ್ದೆ.
ಅವಳಿಗೆ ಹೇಳಿ ಮುಗಿಸುವಷ್ಟರಲ್ಲಿ
ಕುಂತ ಕಲ್ಲು ಬಿಸಿಯಾಗಿತ್ತು:
ಬೇರಿಗೆ ಕಣ್ಣಿಲ್ಲ ಮಾಪಮ್ಮ, ನಾಲಿಗೆ ಅದ.
ಮಣ್ಣಿಗೆ ಹುಳಿ ಉಗುಳುತ್ತದೆ,
ಅಂಟಿ ಕೂತದ್ದನ್ನು ಬಿಡಿಸಿಕೊಳ್ಳುತ್ತದೆ.
ಸುಣ್ಣಕ್ಕೆಂದು ತೆರೆದಿಟ್ಟ ಬಾಗಿಲಲ್ಲಿ
ಸೀಸ ಸುಣ್ಣದ ವೇಷ ಹಾಕಿ ಒಳಗೆ ಬರುತ್ತದೆ.
ಬಂದದ್ದನ್ನು ಬಹುಪಾಲು ಬೇರಿನ ಗೋಡೆಯಲ್ಲೇ
ಹೂಳಿಡುತ್ತದೆ ಗಿಡ;
ಉಳಿದ ಚೂರು ದಂಟು ಹತ್ತಿ
ಎಲೆಯೊಳಗೆ, ಅಟ್ಟಕ್ಕೆ ಹಾಕಿದ ಬೇಡದ ಪಾತ್ರೆಯ ಹಾಗೆ
ಸುಮ್ಮನೆ ಕೂಡುತ್ತದೆ.
ಗಿಡ ಸಾಯುವುದಿಲ್ಲ.
ತಿಂದವರು...

ಅವಳು ಕೈ ಎತ್ತಿದಳು.
"ಎರಡು ವರ್ಷ ಮಾರೀನಿ ಯವ್ವಾ,
ಸೂಪರ್ ಮಾರ್ಕೆಟ್ಟಿನ್ಯಾಗ. ಹತ್ತು ರೂಪಾಯಿಗೆ ಎರಡು ಸಿವುಡು.
ಒಬ್ಬಾಕಿ ಬಸುರಿ ದಿನಾ ಬರ್ತಿದ್ಲು,
ಹುಳಿ ಬೇಕನಸ್ತದ ಅಂತ."

ತೊಗರಿ ಚೀಲ ಹೇರಿಕೊಂಡ ಲಾರಿಯೊಂದು
ಗಂಜಿನ ಕಡೆ ಹೋಯಿತು.
ಅದರ ಸದ್ದು ಪೂರ್ತಿ ಸಾಯುವ ತನಕ
ಇಬ್ಬರೂ ಅದನ್ನೇ ಕೇಳಿದೆವು.

ಆ ರಾತ್ರಿ ನಮ್ಮ ಮನೆಯಲ್ಲೂ ಪುಂಡಿಪಲ್ಯ.
ಎಲ್ಲಿಂದ ತಂದಿ ಎಂದೆ.
"ಮಾರ್ಕೆಟ್ಟಿಂದ. ಮತ್ತೆಲ್ಲಿಂದ?" ಅಂದಳು ಅವ್ವ.
ರೊಟ್ಟಿ ಮುರಿದ ಕೈ ಮುರಿದಲ್ಲೇ ನಿಂತಿತು.

ಮರುದಿನ ಅವಳು ಗಿಡ ಕೀಳುತ್ತಿದ್ದಳು, ಸೆರಗು ಬಿಗಿದು.
ನಾನೇ ತಡೆದೆ.
ಕಿತ್ತರೆ ಬೋಳುನೆಲ, ಬೋಳುನೆಲಕ್ಕೆ ಬೇಸಿಗೆಯ ಗಾಳಿ,
ಗಾಳಿಗೆ ಪಕ್ಕದ ಅಂಗನವಾಡಿಯ ಕಿಟಕಿ.
ಇರಲಿ, ಹಿಡಿದಷ್ಟು ಹಿಡಿಯಲಿ ಬೇರು.
ಇಳಿಜಾರಿನ ಅಂಚಿಗೆ ಲಾವಂಚ ಹಚ್ಚೋಣ ಎಂದೆ.
ಹೇಳದೆ ಉಳಿಸಿಕೊಂಡದ್ದೂ ಒಂದಿತ್ತು:
ಬೇರು ಬಿಡಿಸಿದ್ದನ್ನು ಬೇರೇ ಹಿಡಿಯದಿದ್ದರೆ
ದೊಡ್ಡ ಮಳೆಯೊಂದು ಅದನ್ನು ಬಾವಿಯತ್ತ ಒಯ್ಯುತ್ತದೆ.
ಅದೇ ಬೇರು, ಒಂದು ಕೈಯಲ್ಲಿ ಕಾವಲು,
ಇನ್ನೊಂದು ಕೈಯಲ್ಲಿ ಅಗುಳಿ.
ನಮ್ಮ ಎರೆಮಣ್ಣು ಜಿಪುಣ, ಹಿಡಿದದ್ದನ್ನು ಸುಲಭಕ್ಕೆ ಬಿಡದು.
ಅದನ್ನೇ ನಂಬಿಕೊಂಡೆ.

ಈಗ ಕೊಯ್ದ ಕಟ್ಟೆಲ್ಲ ಕಾಲೇಜಿಗೆ ಬರುತ್ತದೆ,
ಹಳೇ ಸಿಮೆಂಟು ಚೀಲದಲ್ಲಿ, ಅವಳ ತಲೆಯ ಮೇಲೆ.
ಆಡಿಗೆ ಹಾಕಂಗಿಲ್ಲ, ಒಲಿಗೆ ಇಡಂಗಿಲ್ಲ,
ನಾರು ತಗಿಯಾಕ ಹಳ್ಳದಾಗ ನೆನಿ ಹಾಕಂಗಿಲ್ಲ.
"ಭಾಳ ಮಡಿ ಗಿಡಾ ಆತು ಬಿಡು ಇದು" ಎಂದು
ಅವಳೇ ನಗುತ್ತಾಳೆ.

ಮೂರನೇ ಕೊಯ್ಲಿನ ದಿನ ಕೇಳಿದಳು:
"ನೆಲದಾಗಿಂದು ಎಷ್ಟು ಇಳೀತು?"
ಒಂದು ಗುಲಗಂಜಿ ತೂಕವೂ ಇಲ್ಲ ಎಂದೆ.
"ಹಿಂಗೇ ಹೋದ್ರ?"
ನೂರಾರು ವರ್ಷ.
ಬೆರಳು ಮಡಿಸಿ ಏನೋ ಎಣಿಸಿದಳು,
ಎರಡೂ ಕೈ ಮುಗಿದವು.
ಚೀಲ ಝಾಡಿಸಿ, ಮಡಚಿ ಕಂಕುಳಿಗಿಟ್ಟು
ಬಾಗಿಲಲ್ಲಿ ತಿರುಗಿ ನಿಂತಳು.
"ಮುಂದಿನ ಸಲದ ಬೀಜ
ನಾ ಉಳಸ್ಲೋ, ನೀ ತರ್ತೀಯೋ?"