ಖಾಲಿ ಮನೆ

ಯೆರೆವಾನ್. ಹೀಟರಿನ ಮೇಲೆ ಒಣಗುವ ಕೈಗವಸು.
ಶುಶಾನಿಕ್ ಅಜ್ಜಿಯ ಗದ್ದವನ್ನು ಆನಿಕೆಗೆ ಒರಗಿಸಿ
ಹ್ರಾಚ್ಯ ಹೇಳಿದ: ಅಪಾಯ ಎಲ್ಲಿ, ಸುಮ್ಮನೆ ನೋಡಿ.

ಕ್ಯಾಮೆರಾ ಅವಳ ಪಾಪೆ ಹಿಡಿಯಿತು.
ಯಂತ್ರ ಮೊದಲೇ ಲೆಕ್ಕ ಕಟ್ಟಿತ್ತು:
ಮೂಲೆಯ ಒಂಟೆಗೆ ನೂರಕ್ಕೆ ಎಂಬತ್ತು,
ಕುದುರೆಗೆ ಹನ್ನೊಂದು,
ಉಳಿದದ್ದು ಪುಡಿಗಾಸು.

ಒಂಟೆಯನ್ನು ಕಂಡಳು, ದಾಟಿದಳು.
ಎಡಕ್ಕೆ, ಯಾರೂ ಇಲ್ಲದ ಮನೆಯಲ್ಲಿ
ಕಣ್ಣು ಕೂತೇಬಿಟ್ಟಿತು.
ಪರದೆಯ ಮೇಲೆ ಅಲ್ಲಿಗೇ ಕೆಂಪು ಸುರಿಯಿತು.

‘ಅಲ್ಲೇನಿದೆ?’
‘ಈಗ ಏನಿಲ್ಲ.
ಮೂರು ನಡೆ ಕಳೆಯಲಿ, ಅವನ ಕುದುರೆ ಬಂದು ಕೂರುತ್ತೆ.
ನಲವತ್ತು ವರ್ಷ ಮಕ್ಕಳಿಗೆ ಬಡಕೊಂಡೆ,
ಸದ್ದಿಲ್ಲದ ಕಡೆ ಕಿವಿಯಿಡಿ ಅಂತ.’

ಆ ಕೆಂಪನ್ನು ಹ್ರಾಚ್ಯ
‘ಲೆಕ್ಕದ ಗದ್ದಲ’ ಎಂದು ಗುರುತು ಹಾಕಿಕೊಂಡಿದ್ದ.
ರಬ್ಬರು ಹುಡುಕುತ್ತ ಹುಡುಕುತ್ತ
ಅಜ್ಜಿಯ ಕಾಫಿ ಆರಿಸಿದ.