ಕೊಂಡ್ಲಹಳ್ಳಿ ಅಂಚು

ಕರ್ಚೀಫಿನ ಗಂಟು ಬಿಚ್ಚಿ ಪೆನ್‌ಡ್ರೈವನ್ನು
ಮೇಜಿನ ಮೇಲಿಟ್ಟರು ಏಕನಾಥಪ್ಪ,
ಉದುರಿದ ಹಲ್ಲನ್ನು ಡಾಕ್ಟರಿಗೆ ತೋರಿಸುವ ಹಾಗೆ.
'ತಂಗಿ ಮಗ ಫಾರ್ಮ್ಯಾಟ್ ಹೊಡೆದವ್ನೆ.
ಟ್ರ್ಯಾಕ್ಟರಿಗೆ ಹಾಡು ಬೇಕಿತ್ತಂತೆ.
ಹದಿನಾಲ್ಕು ವರ್ಷದ ಡಿಸೈನು ಅದ್ರಾಗಿತ್ತು.'

ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡ್ ಹಿಂದೆ
ಜೆರಾಕ್ಸು, ಲ್ಯಾಮಿನೇಷನ್ನು, ಪಹಣಿ, ರೀಚಾರ್ಜು.
ನನ್ನ ಬೋರ್ಡಿನಲ್ಲಿ ಇದೊಂದು ಬರೆದಿಲ್ಲ.
ಆದರೂ ಬರುತ್ತಾರೆ.
ಕಳಕೊಂಡವರಿಗೆ ದಾರಿ ಹೇಗೋ ಗೊತ್ತಾಗುತ್ತದೆ.

'ಆಮೇಲೆ ಅದಕ್ಕೆ ಏನಾದರೂ ತುಂಬಿದನಾ?'
'ಹಾಡು.'
'ಎಷ್ಟು?'
'ನಲವತ್ತೊಂದು.'
ನಲವತ್ತೊಂದನ್ನೂ ಕೂತು ಕೇಳಿದ್ದರು, ಎಲ್ಲಾದರೂ
ನಡುವೆ ತನ್ನದೊಂದು ಸಿಕ್ಕೀತೆಂದು.

ಅಳಿಸಿದ್ದು ಅಲ್ಲೇ ಇರ್ತದೆ ಕಾಕಾ, ಅಂದೆ.
ಓಣಿಯ ಮನೆ ನಂಬರೆಲ್ಲ ಕಿತ್ತಿದ್ದಾರೆ, ಅಷ್ಟೆ.
ಒಳಗೆ ಜನ ಇದ್ದೇ ಇರುತ್ತಾರೆ,
ಬೇರೆಯವರು ಬಂದು ಚಾಪೆ ಹಾಸುವ ತನಕ.
ಕೆಲವು ಮನೆಗೆ ಹಾಡು ನುಗ್ಗಿದೆ.
ಉಳಿದ ಬಾಗಿಲು ಬಡಿದು ನೋಡೋಣ.

ಎರಡು ತಾಸು. ಹಸಿರು ಪಟ್ಟಿ ಇರುವೆಯಂತೆ ನಡೆಯಿತು.
ಕರೆಂಟು ಹೋದೀತೆಂದು ಅವರು
ಫ್ಯಾನನ್ನೇ ನೋಡುತ್ತ ಕೂತರು.
ನಡುವೆ ಒಬ್ಬಳು ಆಧಾರ್ ಜೆರಾಕ್ಸಿಗೆ ಬಂದು
ಚಿಲ್ಲರೆಗೆ ಜಗಳವಾಡಿ ಹೋದಳು.
ಆಮೇಲೆ ಬಂದವು ಒಂದೊಂದೇ,
ಹೆಸರು ಕಳಕೊಂಡು, ಬರೀ ನಂಬರು ಹೊತ್ತು,
ರೇಷನ್ ಸಾಲಿನಲ್ಲಿ ನಿಂತವರ ಹಾಗೆ.

ಕನ್ನಡಕ ಮೂಗಿನ ತುದಿಗಿಳಿಸಿ ಹೆಸರಿಡುತ್ತ ಹೋದರು:
'ರುದ್ರಾಕ್ಷಿ. ಸೊಸೆಯ ಸೀಮಂತದ ವರ್ಷದ್ದು.
ಮಾವಿನಕಾಯಿ, ನೂರಿಪ್ಪತ್ತು ಕಾರ್ಡು.
ಜೋಡಿ ಹಂಸ. ಎಡಗಡೆಯದಕ್ಕೆ ಕೊಕ್ಕು ಡೊಂಕು,
ನನ್ನದೇ ತಪ್ಪು, ಜನ ಅದನ್ನೇ ಕೇಳಿ ಒಯ್ದರು.
ಗೋಪುರ...'
ಬುಡ ನೆಟ್ಟಗಿತ್ತು. ಕಲಶದ ಜಾಗದಲ್ಲಿ
ಬೂದು ಮರಳು. ಅಲ್ಲೊಂದು ಹಾಡು ಕೂತಿದೆ.
ಬೆರಳಲ್ಲಿ ಮೇಜು ಕುಟ್ಟಿದರು:
ಎರಡು ತೂತು, ಒಂದು ಬಿಡು, ಎರಡು ತೂತು, ಮೂರು ಬಿಡು.
'ಇರ್ಲಿ, ಕೈಗೆ ಗೊತ್ತೈತೆ.'

ನೂರಾ ಹದಿನೇಳನೆಯದಕ್ಕೆ
ಬಾಯಿ ನಿಂತಿತು.
ಸಣ್ಣ ಅಂಚು. ಗಿಳಿ, ಗಿಳಿಯ ಬೆನ್ನಿಗೆ ದಾಳಿಂಬೆ,
ಬಿರಿದ ದಾಳಿಂಬೆ, ಕಾಳು ಎಣಿಸಬಹುದು.
'ಇದೂ ಬಂತಾ?'

ಮುಂದಿನದನ್ನು ಕೀಬೋರ್ಡಿಗೆ ಹೇಳಿದರು.
ಕೊಂಡ್ಲಹಳ್ಳಿ ಸಾಕ್ರಮ್ಮ, ನಾಲ್ಕು ಹರಿದ ಕಾರ್ಡು
ಬದಲಿಸಲೆಂದು ಇಡೀ ಸರ ಕೊಟ್ಟಿದ್ದಳು.
ಒಂದು ರಾತ್ರಿ ಹೆಚ್ಚಿಗೆ ಇಟ್ಟುಕೊಂಡೆ,
ತೂತು ತೂತು ಎಣಿಸಿ ಇಳಿಸಿಕೊಂಡೆ.
ಒಂದು ಸೀರೆಗೂ ಹಾಕಲಿಲ್ಲ. ನಾಚಿಕೆಗೆ ಅಳಿಸಿದೆ.
ಎಂಟು ವರ್ಷ.
ಹೋದ ಮಳೆಗಾಲ ಅವಳ ಅಟ್ಟಕ್ಕೆ ಗೆದ್ದಲು ಹತ್ತಿ
ಸರವೆಲ್ಲ ಮಣ್ಣಾಯಿತು.
ಸಂತೆಯಲ್ಲಿ ಸಿಕ್ಕು ಹೇಳಿಕೊಂಡು ಅತ್ತಳು.
ನಾನೂ ಛೆ ಅಂದೆ.

ಬಾಣ ಡಿಲೀಟಿನ ಹತ್ತಿರವೇ ನಿಂತಿತ್ತು.
ನಾನು ಮೌಸಿನಿಂದ ಕೈ ತೆಗೆದೆ.

ಹೊರಗೆ ರಾಯದುರ್ಗದ ಬಸ್ಸು ಎರಡು ಸಲ ಕೂಗಿತು.
'ಹೊಸ ಪೆನ್‌ಡ್ರೈವ್ ಐತಾ? ಸಣ್ಣದು ಸಾಕು.
ಇದೊಂದನ್ನೇ ಹಾಕು.'
'ಹೆಸರೇನು ಕೊಡಲಿ?'
ಎಷ್ಟೋ ಹೊತ್ತು.
'ಅವಳದೇ ಬರಿ.'
ನಾನಿನ್ನೂ ಸಾಕ್ರಮ್ಮನ ಒತ್ತಕ್ಷರ ಹುಡುಕುತ್ತಿದ್ದೆ,
'ಕೊಂಡ್ಲಹಳ್ಳಿಗೆ ಕಡೇ ಬಸ್ಸು ಎಷ್ಟಕ್ಕೆ?'

ಮುನ್ನೂರೈವತ್ತರಲ್ಲಿ ಐವತ್ತು ಮುರಿದುಕೊಂಡರು.
ಹೊಸ್ತಿಲಲ್ಲಿ ನಿಂತು, ತಿರುಗಿ,
'ಆ ಹಾಡೂ ಉಳಿಸಿದೀಯಲ್ಲ?
ಹುಡುಗ ಕೇಳ್ತಾನೆ.'