ಒಂದು ಮಂಚ, ಎರಡು ಪಾಳಿ

ರೇವಣಸಿದ್ಧ,
ನೀ ಎದ್ದು ಹೋದ ಜಾಗ ಇನ್ನೂ ಬೆಚ್ಚಗದ.
ನಿನ್ನ ಮೈದೋ, ಮ್ಯಾಲಿನ ತಗಡಿಂದೋ
ಕಲಬುರಗಿ ಮೇ ತಿಂಗಳಾಗ ಹ್ಯಾಂಗ ಹೇಳೋದು.

ಸೇಡಂ ರೋಡಿನ ಈ ಖೋಲಿಗೆ ಮಂಚ ಒಂದೇ,
ಬಾಡಿಗಿ ಅರ್ಧ ಅರ್ಧ.
ಮುಂಜಾನಿ ಆರಕ್ಕ ನಿಂದು ನಾಷ್ಟಾದ ಪಾಳಿ,
ಮತ್ತ ಸಂಜಿ ಏಳರಿಂದ ನಡುರಾತ್ರಿ ತನಕ ತಾಟು ಎತ್ತೋದು.
ನಾ ರಾತ್ರಿಯೆಲ್ಲ ಕೌಂಟರಿನ ಹಿಂದ ನಿಂತು
ಆರೂವರಿಗೆ ಬರ್ತೀನಿ.
ನಡುವಿನ ಅರ್ಧ ತಾಸು ಮಂಚ
ಗ್ವಾಡಿ ಮ್ಯಾಲಿನ ಹಲ್ಲಿಗೆ ಬುಕ್ ಆಗೇದ.

ಕ್ಲಾಸಿನಾಗ ಭೇಟಿ ಆಗ್ತೀವಿ, ಖರೆ.
ಆದ್ರ ಇಬ್ಬರೊಳಗ ಒಬ್ಬಾವ ಯಾವಾಗ್ಲೂ ನಿದ್ದಿಯಾಗ.
ನಿನ್ನೆ ನಿನ್ನ ಪಾಳಿ ಇತ್ತು.
ಇಂದುಮತಿ ಮೇಡಂ ಚಾದರದ ಮೂಲಿ ಮಡಚೋದು ಕಲಸತಿದ್ರು,
ನಲವತ್ತೈದು ಡಿಗ್ರಿ, ಒಂದು ಸುಕ್ಕೂ ಇರಬಾರದು,
ಅತಿಥಿಯ ನಿದ್ದಿ ಅಂದ್ರ ನಮ್ಮ ಮಾನ, ಅಂದ್ರು.
ನಿನ್ನ ತಲಿ ತೂಗಿತು.
ಒಪ್ಪಿದಿ ಅಂತ ತಿಳಕೊಂಡ್ರು.

ಮೊನ್ನೆ ರಾತ್ರಿ ಮೂರಕ್ಕ
ಇನ್ನೂರ ಏಳನೇ ರೂಮಿನ ಮುದುಕ, ಸೊಲ್ಲಾಪುರದ ಬಟ್ಟಿ ವ್ಯಾಪಾರಿ,
ಲುಂಗಿ ಮ್ಯಾಲೇ ಕೆಳಗಿಳದು ಬಂದ.
ಎಸಿ ಗುರುಗುಡ್ತದ, ನಿದ್ದಿ ಬರೋ ರೂಮ್ ಇದ್ರ ಕೊಡು, ಅಂದ.
ರಜಿಸ್ಟರ್ ತೆಗೆದು ಖರೇನ ಹುಡುಕಿದೆ.
ಅಷ್ಟರಾಗ ಸೋಫಾದಾಗ ಕುಂತಲ್ಲೇ ಮಲಗಿಬಿಟ್ಟ,
ಬಾಯಿ ತೆರೆದು, ಒಂದೇ ಕಾಲಾಗ ಚಪ್ಪಲಿ.
ನಾ ನಿಂತು ನೋಡಿದೆ,
ಹಸಿದವ ಮಂದಿ ಉಣ್ಣೋದು ನೋಡಿದಂಗ.
ನಾಚಿಕಿ ಆತು.
ಆದ್ರೂ ನೋಡಿದೆ.

ಅಕ್ಕ ಫೋನ್ ಮಾಡಿದ್ಲು. ಎತ್ತಿ
'ವೆಲ್ಕಮ್ ಸರ್, ಹೇಳ್ರಿ' ಅಂದೆ.
ಆಕಿ ಮೊದಲು ನಕ್ಕಳು.
ಆಮ್ಯಾಲ, ಎಷ್ಟು ದಿನ ಆತೋ ಮಲಗಿ, ಅಂದ್ಲು.
ಎಣಸಲಿಕ್ಕೆ ಹತ್ತಿದೆ. ಇವತ್ತು ಯಾವ ವಾರ ಅಂತೇ ನೆಪ್ಪಾಗಲಿಲ್ಲ.

ಎದಿಮ್ಯಾಲಿನ ಪಟ್ಟಿಯಾಗ 'ವಿಕ್ಕಿ' ಅಂತದ,
ಕೆಲಸ ಬಿಟ್ಟು ಹೋದ ಯಾವನೋ ಹುಡುಗನ ಹೆಸರು.
ಅಣವೀರ ಅಂದ್ರ ಗಿರಾಕಿಗಳಿಗೆ ತೊಡಕಂತ.
ನಿದ್ದಿಗೂ ಹಂಗೇ ಆಗಿರಬೇಕು,
ಬಾಗಿಲ ತನಕ ಬಂದು, ಪಟ್ಟಿ ಓದಿ,
ಇವ ಬ್ಯಾರೆ ಯಾರೋ ಅಂತ
ಹೊಳ್ಳಿ ಹೋಗ್ತದ.

ಇವತ್ತ ಕ್ಲಾಸಿಗೆ ಹೊಂಡೋ ಮುಂದ
ಚಾದರ ಝಾಡಿಸಿ ನಾಕೂ ಮೂಲಿ ಮಡಚೀನಿ, ಮೇಡಂ ಹೇಳಿದಂಗ.
ಮೂರನೇದು ಸರಿ ಬಂದಿಲ್ಲ,
ಆ ಕಡಿ ಮಂಚದ ಕಾಲಿಗೆ ಇಟ್ಟಂಗಿ ಕೊಟ್ಟದ್ದಲ್ಲ.
ದಿಂಬಿನ ಮ್ಯಾಲ ಹೋಟೆಲಿನ ಚಾಕಲೇಟ್ ಒಂದು ಇಟ್ಟೀನಿ.
ನೀ ಬರೋತನಕ ಕರಗಿರ್ತದ.
ಇರುವಿ ಹತ್ತಿದ್ರ
ಝಾಡಿಸಿ ಮಲ್ಕೊ.